ಚೌಕಿಯೊಳಗಿನ ಮಾತು: ನಿವೃತ್ತ ರೆಸ್ಲರ್‌ಗಳ ಬಿಚ್ಚುನುಡಿಯ ಸಂದರ್ಶನಗಳು

ಸಭಿಕ ಬಂಧುಗಳೆ,

1975ರ ಅಕ್ಟೋಬರ್ 4ರಂದು ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದಲ್ಲಿ, ಶಾರ್ಲಟ್‌ನಿಂದ ವಿಲ್ಮಿಂಗ್ಟನ್‌ಗೆ ಹೊರಟಿದ್ದ ಸೆಸ್ನಾ 310 ಎಂಬ ಪುಟ್ಟ ವಿಮಾನವೊಂದು, ಇನ್ನೇನು ನಿಲ್ದಾಣ ಸಿಕ್ಕಿತು ಎನ್ನುವಾಗ ಇಂಧನ ತೀರಿ ನೆಲಕ್ಕೆ ಬಿತ್ತು. ಒಳಗಿದ್ದವರಲ್ಲಿ ಹೆಚ್ಚಿನವರು ವೃತ್ತಿಪರ ರೆಸ್ಲರ್‌ಗಳು. ಪೈಲಟ್ ಮುಂದೆ ಆ ಗಾಯಗಳಿಂದಲೇ ತೀರಿಕೊಂಡರು. ಜಾನಿ ವ್ಯಾಲೆಂಟೈನ್ ಅವರು ಮತ್ತೆಂದೂ ರಿಂಗ್ ಹತ್ತಲಿಲ್ಲ. ಆಗ 26 ವರ್ಷದವರಾಗಿದ್ದ ರಿಕ್ ಫ್ಲೇರ್ ಅವರ ಬೆನ್ನುಮೂಳೆ ಮೂರು ಕಡೆ ಮುರಿಯಿತು. ಜೊತೆಯಲ್ಲಿ ಟಿಮ್ ವುಡ್ಸ್ ಎಂಬವರೂ ಇದ್ದರು. ಬಿಳಿಯ ಮುಖವಾಡ ತೊಟ್ಟು ‘ಮಿಸ್ಟರ್ ರೆಸ್ಲಿಂಗ್’ ಎಂಬ ಹೆಸರಿನಲ್ಲಿ ಆಡುತ್ತಿದ್ದ ಸಜ್ಜನ ಪಾತ್ರ ಅವರದು. ನೋವಿನಲ್ಲಿ ನರಳುತ್ತಿದ್ದ ಆ ಮನುಷ್ಯ ಆಸ್ಪತ್ರೆಯಲ್ಲಿ ತಮ್ಮ ಹುಟ್ಟುಹೆಸರನ್ನು ಬರೆಸಿ, ತಾನು ರೆಸ್ಲರ್ ಅಲ್ಲ, ಪಂದ್ಯ ಏರ್ಪಡಿಸುವ ಪ್ರೊಮೋಟರ್ ಎಂದು ಹೇಳಿದರು. ಸುಮಾರು ಎರಡು ವಾರಕ್ಕೆಲ್ಲ, ಮೈ ಸರಿಹೋಗುವ ಮೊದಲೇ, ಮುಖವಾಡ ಹಾಕಿಕೊಂಡು ಜನರೆದುರು ಪಂದ್ಯಕ್ಕೂ ಇಳಿದರು.

ಇಷ್ಟೆಲ್ಲ ಏಕೆಂದರೆ, ವ್ಯಾಲೆಂಟೈನ್ ಮತ್ತು ಫ್ಲೇರ್ ಖಳರು, ವುಡ್ಸ್ ನಾಯಕ. ರಿಂಗಿನಲ್ಲಿ ಒಬ್ಬರ ಗಂಟಲು ಒಬ್ಬರು ಹಿಸುಕುವವರು ಒಂದೇ ವಿಮಾನದಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತಿದ್ದರೆಂದು ಜನರಿಗೆ ತಿಳಿದರೆ, ಮರುದಿನದಿಂದ ಆ ಪ್ರಾಂತ್ಯದಲ್ಲಿ ಟಿಕೆಟ್ ಕೊಳ್ಳುವವರು ಯಾರು? ಈ ಸುಳ್ಳಿನ ಪೂರ್ತಿ ಕತೆ ಹೊರಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ, ಆ ಕಾಲದವರು ವಯಸ್ಸಾಗಿ, ಕಳೆದುಕೊಳ್ಳಲು ಇನ್ನೇನೂ ಇಲ್ಲವೆನಿಸಿ, ಕ್ಯಾಮೆರಾದ ಮುಂದೆ ಬಾಯಿಬಿಟ್ಟಾಗ. ಅಂಥ ಮಾತುಗಳನ್ನು ಹೇಗೆ ಕೇಳಬೇಕು, ಎಷ್ಟು ನಂಬಬೇಕು ಎಂಬುದೇ ಇಂದಿನ ನನ್ನ ವಿಷಯ.

ಮೊದಲು ಒಂದೆರಡು ಪಾರಿಭಾಷಿಕ ಮಾತು. ಅಮೆರಿಕದ ವೃತ್ತಿಪರ ರೆಸ್ಲಿಂಗ್‌ನಲ್ಲಿ ಯಾರು ಗೆಲ್ಲಬೇಕು, ಯಾರು ಬೀಳಬೇಕು ಎಂಬುದು ಮೊದಲೇ ಗೊತ್ತಾಗಿರುತ್ತದೆ. ಈ ಗುಟ್ಟನ್ನು ಕಾಯುವ ಕಟ್ಟಳೆಗೆ ಅವರು ಕೇಫೇಬ್ ಎನ್ನುತ್ತಾರೆ. ಹೊಂದಿಸಿಟ್ಟು ಆಡಿದ್ದು ವರ್ಕ್, ನಿಜವಾಗಿ ನಡೆದದ್ದು ಶೂಟ್. ನಮ್ಮ ಬೆಳಗಾವಿ, ಧಾರವಾಡದ ಕಡೆ ಪೋಸ್ಟರುಗಳಲ್ಲಿ ‘ಜಂಗೀ ನಿಕಾಲಿ ಕುಸ್ತಿ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸುತ್ತಾರಲ್ಲ, ಆ ನಿಕಾಲಿಗೆ ಶೂಟ್ ಎಂಬುದು ಹತ್ತಿರದ ಮಾತು. ಪಾತ್ರವನ್ನು ಬದಿಗಿಟ್ಟು ಕೊಡುವ ಸಂದರ್ಶನಕ್ಕೆ ಶೂಟ್ ಸಂದರ್ಶನವೆಂಬ ಹೆಸರು ಬಂದದ್ದು ಹೀಗೆ. ಯಕ್ಷಗಾನದ ಪ್ರೇಕ್ಷಕನಿಗೆ, ಮಹಿಷಾಸುರನೂ ದೇವಿಯೂ ಚೌಕಿಯಲ್ಲಿ ಒಂದೇ ಸಾಲಿನಲ್ಲಿ ಕೂತು ಬಣ್ಣ ಹಚ್ಚಿಕೊಂಡು ಬಂದದ್ದು ತಿಳಿದೇ ಇರುತ್ತದೆ. ಮಕ್ಕಳಂತೂ ಇಣುಕಿ ನೋಡಿಯೇ ಬಂದಿರುತ್ತಾರೆ. ಆದರೂ ಮಹಿಷಾಸುರ ಸಭೆಯ ಹಿಂದಿನಿಂದ ಅಬ್ಬರಿಸುತ್ತ ನುಗ್ಗಿದಾಗ ಎದೆ ಝಲ್ಲೆನ್ನುತ್ತದೆ. ಅಮೆರಿಕದ ಪ್ರೊಮೋಟರ್‌ಗಳಿಗೆ ತಮ್ಮ ಪ್ರೇಕ್ಷಕನ ಮೇಲೆ ಅಷ್ಟು ಭರವಸೆ ಇರಲಿಲ್ಲ. ಅವರು ಚೌಕಿಯೇ ಇಲ್ಲವೆಂದು ಸಾಧಿಸಿದರು. ಖಳರಿಗೂ ನಾಯಕರಿಗೂ ಬಟ್ಟೆ ಬದಲಿಸುವ ಕೋಣೆ ಬೇರೆ, ಊರಿಂದೂರಿಗೆ ಹೋಗುವ ಕಾರು ಬೇರೆ.

ಗುಟ್ಟು ಆಗೀಗ ಸೋರುತ್ತಲೇ ಇತ್ತು ಎನ್ನಿ. 1930ರ ದಶಕದಲ್ಲೇ ಜ್ಯಾಕ್ ಫೆಫರ್ ಎಂಬ ಪ್ರೊಮೋಟರ್ ತನ್ನ ಜೊತೆಗಾರರ ಮೇಲಿನ ಸಿಟ್ಟಿಗೆ ನ್ಯೂಯಾರ್ಕಿನ ಪತ್ರಿಕೆಯೊಂದಕ್ಕೆ ಒಳಗಿನದನ್ನೆಲ್ಲ ಹೇಳಿಬಿಟ್ಟಿದ್ದ. 1984ರ ಡಿಸೆಂಬರ್‌ನಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಜಾನ್ ಸ್ಟಾಸೆಲ್ ಎಂಬ ಟಿವಿ ಪತ್ರಕರ್ತರು ‘ಇದೆಲ್ಲ ಸುಳ್ಳು ಎಂದು ನನಗನ್ನಿಸುತ್ತದೆ’ ಎಂದದ್ದಕ್ಕೆ ಡೇವಿಡ್ ಷುಲ್ಟ್ಸ್ ಎಂಬ ರೆಸ್ಲರ್ ಆ ಪತ್ರಕರ್ತರ ಎರಡೂ ಕಿವಿಯ ಮೇಲೆ ಬಾರಿಸಿದರು; ಅದು ಕೋರ್ಟಿಗೂ ಹೋಯಿತು. 1987ರ ಮೇ ತಿಂಗಳಲ್ಲಿ ನ್ಯೂಜೆರ್ಸಿಯ ಹೆದ್ದಾರಿಯಲ್ಲಿ ಪೊಲೀಸರು ತಡೆದ ಕಾರಿನೊಳಗೆ ಜಿಮ್ ಡಗನ್ ಮತ್ತು ಐರನ್ ಶೇಕ್ ಒಟ್ಟಿಗಿದ್ದರು. ರಿಂಗಿನಲ್ಲಿ ಒಬ್ಬರು ಅಮೆರಿಕದ ಬಾವುಟ ಹಿಡಿದವರು, ಇನ್ನೊಬ್ಬರು ಇರಾನಿನದು. ಕಾರಿನಲ್ಲಿ ಮಾದಕ ವಸ್ತು ಸಿಕ್ಕಿತ್ತು, ನಿಜ. ಕಂಪನಿಯ ಕಣ್ಣಿಗೆ ಅದಕ್ಕಿಂತ ದೊಡ್ಡ ತಪ್ಪು ಒಂದೇ ಕಾರಿನಲ್ಲಿ ಕೂತದ್ದು. ಇಬ್ಬರ ಕೆಲಸವೂ ಹೋಯಿತು. ಇದಾಗಿ ಎರಡು ವರ್ಷ ತುಂಬುವ ಮೊದಲೇ, 1989ರ ಫೆಬ್ರವರಿಯಲ್ಲಿ, ವಿನ್ಸ್ ಮೆಕ್‌ಮಹನ್ ಅವರ ಅದೇ ಕಂಪನಿ, ಅಂದರೆ ಇಂದಿನ ಡಬ್ಲ್ಯೂಡಬ್ಲ್ಯೂಇ, ನ್ಯೂಜೆರ್ಸಿ ರಾಜ್ಯದ ಸೆನೆಟ್ ಮುಂದೆ, ತಾವು ನಡೆಸುವುದು ಸ್ಪರ್ಧೆಯಲ್ಲ, ಮನರಂಜನೆ ಎಂದು ಅಧಿಕೃತವಾಗಿ ಒಪ್ಪಿಕೊಂಡಿತು. ಕ್ರೀಡಾ ಆಯೋಗದ ಕಟ್ಟುಪಾಡು ಮತ್ತು ತೆರಿಗೆಯಿಂದ ತಪ್ಪಿಸಿಕೊಳ್ಳಬೇಕಿತ್ತು, ಅಷ್ಟೆ. ವುಡ್ಸ್ ಅವರು ಮುರುಕು ಮೈಯಲ್ಲಿ ಕಾದುಕೊಂಡ ಗುಟ್ಟು ಹೀಗೆ ಲೆಕ್ಕಪತ್ರದ ಅನುಕೂಲಕ್ಕಾಗಿ ಬಯಲಾಯಿತು. ಹಳಬರ ಸಂದರ್ಶನಗಳಲ್ಲಿ ಪದೇಪದೇ ಕೇಳಿಬರುವ ಕಹಿಯ ಬೇರು ಇಲ್ಲಿದೆ ಎಂದು ನಾನು ಭಾವಿಸುತ್ತೇನೆ.

1990ರ ದಶಕದಲ್ಲಿ ಆರ್‌ಎಫ್ ವಿಡಿಯೊ ಎಂಬ ಸಣ್ಣ ಸಂಸ್ಥೆ ಇಂಥ ಸಂದರ್ಶನಗಳ ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ಅಂಚೆಯ ಮೂಲಕ ಮಾರತೊಡಗಿತು. ಆಗಿನ ಕ್ಯಾಸೆಟ್‌ಗಳನ್ನು ನೋಡಿದವರಿಗೆ ಆ ದೃಶ್ಯ ಗೊತ್ತು: ಹೋಟೆಲ್ ಕೋಣೆ, ಒಂದೇ ಕ್ಯಾಮೆರಾ, ಕುರ್ಚಿಯಲ್ಲಿ ಹಿಡಿಸಲಾರದ ಮೈ, ಮುಖ ಕಾಣಿಸದ ಒಬ್ಬ ಪ್ರಶ್ನೆಗಾರ. ಎರಡು ಮೂರು ಗಂಟೆ ಕತ್ತರಿಯೇ ಬೀಳದ ಮಾತು. ಮುಂದೆ ಕೇಫೇಬ್ ಕಾಮೆಂಟರೀಸ್ ಎಂಬ ಸಂಸ್ಥೆಯ ಷಾನ್ ಆಲಿವರ್ ಅವರು ಈ ಕೆಲಸಕ್ಕೆ ಒಂದು ಶಿಸ್ತು ತಂದರು. ಒಂದು ಸಂಚಿಕೆಗೆ ಒಂದೇ ವರ್ಷ, ಒಬ್ಬರೇ ಅತಿಥಿ. ಆ ವರ್ಷ ಯಾವ ದಿನ ಎಲ್ಲಿ ಏನು ನಡೆಯಿತೆಂದು ಮುಂದಿಟ್ಟುಕೊಂಡು ಕೇಳುತ್ತ ಹೋಗುವುದು. ತಾರೀಖು ಮುಂದಿದ್ದಾಗ ನೆನಪು ಹೆಚ್ಚು ಹಾರಾಡುವುದಿಲ್ಲ. 2010ರ ನಂತರ ಪಾಡ್‌ಕಾಸ್ಟ್‌ಗಳು ಬಂದವು, ಸ್ಟೀವ್ ಆಸ್ಟಿನ್ ಅವರಂಥ ರೆಸ್ಲರ್‌ಗಳೇ ಪ್ರಶ್ನೆ ಕೇಳುವವರಾದರು. ಒಳಗಿನವರೊಂದಿಗೆ ಒಳಗಿನವರ ಮಾತು ಸಲೀಸಾಗಿ ಸಾಗುತ್ತದೆ. ಆದರೆ ಹಳೆಯ ಗೆಳೆಯನನ್ನು ‘ನೀನು ಹೇಳುತ್ತಿರುವುದು ಸುಳ್ಳು’ ಎಂದು ತಡೆಯುವವರು ಇಲ್ಲವಾಗುತ್ತಾರೆ. ನನ್ನ ಒಲವು ತಾರೀಖು ಹಿಡಿದು ಕೇಳುವವರ ಕಡೆಗೇ.

ಈಗ ನಂಬಿಕೆಯ ಪ್ರಶ್ನೆ. ಮೂವತ್ತು ವರ್ಷ ಸುಳ್ಳನ್ನೇ ಕಸುಬಾಗಿ ಮಾಡಿಕೊಂಡು, ಅದರಲ್ಲೇ ಹೆಸರು ಗಳಿಸಿದವರು ಇವರು. ನಿವೃತ್ತಿಯ ಮರುದಿನ ಅದು ನಾಲಿಗೆ ಬಿಟ್ಟು ಹೋಗುತ್ತದೆಯೆ? 1987ರ ಮಾರ್ಚ್ 29ರಂದು ಪಾಂಟಿಯಾಕ್‌ನ ಸಿಲ್ವರ್‌ಡೋಮ್‌ನಲ್ಲಿ ಹಲ್ಕ್ ಹೋಗನ್ ಅವರು ಆಂದ್ರೆ ದಿ ಜಯಂಟ್ ಅವರನ್ನು ಎತ್ತಿ ಒಗೆದರು. ಅಂದು ಸೇರಿದವರು 93,173 ಎಂದು ಕಂಪನಿ ಘೋಷಿಸಿತು; ಸುಮಾರು 78,000 ಎಂಬುದು ಈ ರಂಗದ ಹಿರಿಯ ವರದಿಗಾರ ಡೇವ್ ಮೆಲ್ಟ್‌ಜರ್ ಅವರ ಲೆಕ್ಕ. ಹೋಗನ್ ಅವರ ಬಾಯಲ್ಲಂತೂ ಆಂದ್ರೆಯವರ ತೂಕ ಸಂದರ್ಶನದಿಂದ ಸಂದರ್ಶನಕ್ಕೆ ಏರುತ್ತಲೇ ಹೋಯಿತು. 1997ರ ನವೆಂಬರ್ 9ರಂದು ಮಾಂಟ್ರಿಯಲ್‌ನಲ್ಲಿ ಬ್ರೆಟ್ ಹಾರ್ಟ್ ಅವರಿಗೆ ಒಂದು ಮುಕ್ತಾಯ ಹೇಳಿ, ಮೆಕ್‌ಮಹನ್ ಅವರು ಇನ್ನೊಂದನ್ನು ನಡೆಸಿ, ಶಾನ್ ಮೈಕಲ್ಸ್ ಗೆದ್ದರೆಂದು ಗಂಟೆ ಬಾರಿಸಿದರು. ಆ ಮೋಸದ ಉಪಾಯ ಹೊಳೆದದ್ದು ತನಗೇ ಎಂದು ಹೇಳಿಕೊಂಡವರು ಒಬ್ಬರಲ್ಲ. ಗೆದ್ದದ್ದು, ಎತ್ತಿದ್ದು, ಉಪಾಯ ಹೂಡಿದ್ದು ಇಂಥ ಮಾತು ಬಂದಾಗ ನಾನು ಕಿವಿಯ ಮೇಲೆ ಒಂದು ಜರಡಿ ಇಟ್ಟುಕೊಳ್ಳುತ್ತೇನೆ.

ಆದರೆ ಇದೇ ಜನ ಕೂಲಿಯ ಬಗ್ಗೆ, ರಸ್ತೆಯ ಬಗ್ಗೆ, ಮೈಯ ಬಗ್ಗೆ ಮಾತಾಡುವಾಗ ದನಿಯೇ ಬದಲಾಗುತ್ತದೆ. ಹಣೆಯಿಂದ ರಕ್ತ ಸುರಿಸುವ ಕೆಲಸವನ್ನೇ ನೋಡಿ. ಬ್ಲೇಡಿನ ಒಂದು ಮೂಲೆಯನ್ನು ಮುರಿದು, ತುದಿ ಮಾತ್ರ ಹೊರಗುಳಿಯುವಂತೆ ಟೇಪು ಸುತ್ತಿ, ಮಣಿಕಟ್ಟಿನ ಪಟ್ಟಿಯೊಳಗೋ ಬೆರಳಿನ ಟೇಪಿನೊಳಗೋ ಅಡಗಿಸಿಡುತ್ತಾರೆ. ಕುರ್ಚಿಯ ಏಟು ಬಿದ್ದವನು ಮುಖ ಮುಚ್ಚಿ ಹೊರಳಾಡುವ ಆ ಹೊತ್ತಿನಲ್ಲಿ ಹಣೆಯ ಮೇಲೆ ಒಂದು ಗೆರೆ ಎಳೆದುಕೊಳ್ಳುತ್ತಾನೆ. ಗಾಯ ಚಿಕ್ಕದು, ಬೆವರಿನೊಂದಿಗೆ ಬೆರೆತ ರಕ್ತ ಮುಖವಿಡೀ ಹರಡಿ ಕೊನೆಯ ಸಾಲಿಗೂ ಕಾಣುತ್ತದೆ. ಮೈಸೂರು ಅರಮನೆಯ ವಜ್ರಮುಷ್ಟಿ ಕಾಳಗ ಜಟ್ಟಿಯ ತಲೆಯಿಂದ ಮೊದಲ ಹನಿ ರಕ್ತ ಜಿನುಗುತ್ತಲೇ ನಿಲ್ಲುತ್ತದೆ. ಅಮೆರಿಕದ ರಿಂಗಿನಲ್ಲಿ ರಕ್ತ ಬಂದ ಮೇಲೆಯೇ ಆಟಕ್ಕೆ ರಂಗೇರುವುದು. ಅಬ್ದುಲ್ಲಾ ದಿ ಬುಚರ್ ಎಂದು ಹೆಸರಾದ, ಕೆನಡಾದ ವಿಂಡ್ಸರ್‌ನ ಲಾರೆನ್ಸ್ ಶ್ರೀವ್ ಅವರ ಹಣೆಯಲ್ಲಿ ಎಷ್ಟು ಆಳದ ಸಾಲುಗಳು ಬಿದ್ದಿದ್ದವೆಂದರೆ, ಜೂಜಿನ ಬಿಲ್ಲೆಗಳನ್ನು ಅವುಗಳಲ್ಲಿ ಸಿಕ್ಕಿಸಿ ನಿಲ್ಲಿಸಿ ತೋರಿಸುತ್ತಿದ್ದರು. ಇದನ್ನು ನೋಡಿ ನಕ್ಕವರು ಬಹಳ. 2014ರಲ್ಲಿ ಒಂಟಾರಿಯೊದ ನ್ಯಾಯಾಲಯವೊಂದು, ಅವರು ಒಪ್ಪಿಗೆಯಿಲ್ಲದೆ ತನ್ನನ್ನೂ ಅದೇ ಬ್ಲೇಡಿನಿಂದ ಕೊಯ್ದು ಹೆಪಟೈಟಿಸ್ ಸಿ ಅಂಟಿಸಿದರೆಂದು ದಾವೆ ಹೂಡಿದ್ದ ಕಿರಿಯ ರೆಸ್ಲರ್ ಒಬ್ಬರಿಗೆ ಸುಮಾರು 23 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪು ಕೊಟ್ಟಿತು. ಬ್ಲೇಡಿನ ಕತೆಗಳನ್ನು ಆಮೇಲೆ ಅದೇ ನಗುವಿನಿಂದ ಕೇಳಲು ನನಗಂತೂ ಆಗಿಲ್ಲ.

ಕೂಲಿಯ ಮಾತಿಗೆ ರೆಸ್ಲರ್ ಜೆಸ್ಸಿ ವೆಂಚುರಾ ಅವರ ಸಾಕ್ಷ್ಯ ಇದೆ. ರೆಸ್ಲರ್‌ಗಳು ಕಂಪನಿಯ ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು ಎಂಬುದು ಮೊದಲಿನಿಂದ ನಡೆದುಬಂದ ಕರಾರು. ಹಾಗಾಗಿ ಆರೋಗ್ಯ ವಿಮೆ ಇಲ್ಲ, ಪಿಂಚಣಿ ಇಲ್ಲ. 1986ರಲ್ಲಿ ಕಂಪನಿಯ ವರ್ಷದ ದೊಡ್ಡ ಪ್ರದರ್ಶನವಾದ ರೆಸಲ್‌ಮೇನಿಯಾ ಎರಡನೆಯ ಸಲ ನಡೆಯುವ ಮುನ್ನ, ಒಂದು ಸಂಘ ಕಟ್ಟಿಕೊಳ್ಳೋಣ ಎಂದು ವೆಂಚುರಾ ಅವರು ಬಟ್ಟೆ ಬದಲಿಸುವ ಕೋಣೆಯಲ್ಲಿ ಮಾತೆತ್ತಿದರು. ಆ ಮಾತು ಮೆಕ್‌ಮಹನ್ ಅವರ ಕಿವಿಗೆ ತಲುಪಿತು. ಚಾಡಿ ಹೇಳಿದವರು ಯಾರೆಂದು ಅವರಿಗೆ ವರ್ಷಗಟ್ಟಲೆ ತಿಳಿಯಲಿಲ್ಲ. ಮುಂದೆ ರಾಯಧನದ ಬಾಕಿಗಾಗಿ ಅವರೇ ಹೂಡಿದ ದಾವೆಯಲ್ಲಿ, ಪ್ರಮಾಣವಚನದ ಮೇಲೆ ಉತ್ತರಿಸುತ್ತ ಮೆಕ್‌ಮಹನ್ ಅವರು ಹಲ್ಕ್ ಹೋಗನ್ ಅವರ ಹೆಸರು ಹೇಳಿದರೆಂದು ವೆಂಚುರಾ ಹಲವು ಸಂದರ್ಶನಗಳಲ್ಲಿ ಒಂದೇ ರೀತಿ ಹೇಳಿದ್ದಾರೆ. ಆ ದಾವೆಯಲ್ಲಿ ಜ್ಯೂರಿ ಅವರಿಗೆ 8 ಲಕ್ಷ ಡಾಲರಿಗೂ ಮಿಕ್ಕಿದ ಮೊತ್ತವನ್ನು ಕೊಡಿಸಿತು.

ಹೆಂಗಸರ ಮಾತು ಹೊರಗೆ ಬಂದದ್ದು ಇನ್ನೂ ತಡವಾಗಿ. ಫ್ಯಾಬ್ಯುಲಸ್ ಮೂಲಾ ಎಂದು ಹೆಸರಾದ ಲಿಲಿಯನ್ ಎಲಿಸನ್ ಅವರು ದಶಕಗಳ ಕಾಲ ಮಹಿಳಾ ರೆಸ್ಲಿಂಗ್‌ನ ಯಜಮಾನಿ. ಪಳಗಿಸುವವರೂ ಅವರೇ, ಪಂದ್ಯಕ್ಕೆ ಕಳಿಸುವವರೂ ಅವರೇ. ಅವರ ಕೈಕೆಳಗೆ ಪಳಗಿದ ಹಲವರು ವಯಸ್ಸಾದ ಮೇಲೆ, ತಮ್ಮ ದುಡಿಮೆಯಲ್ಲಿ ಮೂಲಾ ಅವರು ಹಿಡಿದುಕೊಳ್ಳುತ್ತಿದ್ದ ಪಾಲು, ಕಟ್ಟಿಸಿಕೊಳ್ಳುತ್ತಿದ್ದ ಮನೆಬಾಡಿಗೆ, ಅದಕ್ಕಿಂತ ಹೀನವಾದ ಶೋಷಣೆ ಇವನ್ನೆಲ್ಲ ಹೇಳಿದರು. ಮೂಲಾ ಅವರ ಕಡೆ ನಿಂತು ಅಲ್ಲಗಳೆದವರೂ ಇದ್ದಾರೆ. ಮೂಲಾ 2007ರಲ್ಲಿ ತೀರಿಕೊಂಡಿದ್ದರು. 2018ರ ಮಾರ್ಚ್‌ನಲ್ಲಿ ಡಬ್ಲ್ಯೂಡಬ್ಲ್ಯೂಇ ಒಂದು ಮಹಿಳಾ ಪಂದ್ಯಕ್ಕೆ ಅವರ ಹೆಸರಿಟ್ಟಾಗ ಅಭಿಮಾನಿಗಳು ಈ ಹಳೆಯ ಮಾತುಗಳನ್ನೆಲ್ಲ ಎತ್ತಿ ಮುಂದಿಟ್ಟರು. ಪ್ರಾಯೋಜಕರಾದ ಚಾಕೊಲೇಟ್ ಕಂಪನಿಯೂ ಅಸಮಾಧಾನ ತೋರಿಸಿದ ಮೇಲೆ, ಕೆಲವೇ ದಿನಗಳಲ್ಲಿ ಆ ಹೆಸರು ಮಾಯವಾಯಿತು.

ಸಂದರ್ಶನ ಮಾಡುವವರ ಬಗ್ಗೆಯೂ ಒಂದು ಮಾತು ಹೇಳಬೇಕು. ಈ ಮಾತುಗಳಿಗೆ ಸಂಭಾವನೆ ಇರುತ್ತದೆ, ಕ್ಯಾಸೆಟ್ ಮಾರಾಟವಾಗಬೇಕಾದರೆ ಖಾರ ಇರಲೇಬೇಕು. ಐರನ್ ಶೇಕ್, ಅಂದರೆ ಇರಾನಿನ ದಾಮ್‌ಗಾನ್‌ನಲ್ಲಿ ಹುಟ್ಟಿದ ಹುಸೇನ್ ವಜೀರಿ, ಆಟಗಾರರೇ ಹೊರತು ಬರೀ ವೇಷಧಾರಿಯಲ್ಲ. 1971ರಲ್ಲಿ ಅಮೆರಿಕದ ಗ್ರೀಕೊ-ರೋಮನ್ ಕುಸ್ತಿ ಚಾಂಪಿಯನ್ ಆಗಿದ್ದವರು. ಅವರ ಕೊನೆಗಾಲದ ಸಂದರ್ಶನಗಳು ಬೈಗುಳಕ್ಕೇ ಪ್ರಸಿದ್ಧವಾದವು. ಹಿಂದಿನಿಂದ ಯಾರೋ ಒಂದು ಹೆಸರು ಎಸೆಯುತ್ತಾರೆ, ಇವರು ಕೆರಳುತ್ತಾರೆ, ಕೋಣೆಯಲ್ಲಿದ್ದವರು ನಗುತ್ತಾರೆ. ವ್ಯಸನದಲ್ಲಿ ಮುಳುಗಿದ್ದ, 2003ರಲ್ಲಿ ಮಗಳು ಕೊಲೆಯಾದ ದುಃಖ ಹೊತ್ತ ತಂದೆ ಅವರು. ಆ ನಗುವಿನ ಮೇಲೆ ನಿಂತ ವಿಡಿಯೊಗಳನ್ನು ಬಿಚ್ಚುನುಡಿ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಅಲ್ಲಿ ಮತ್ತೆ ವೇಷವನ್ನೇ ಕಟ್ಟಿಸಿ ಕುಣಿಸಿದ್ದಾರೆ.

ಕೊನೆಯದಾಗಿ, ಮಾತೇ ಆಡದಿದ್ದವರೊಬ್ಬರು. 1990ರ ದಶಕದಲ್ಲಿ ಕೇಬಲ್ ಟಿವಿಯ ಮುಂದೆ ಬೆಳೆದ, ಟ್ರಂಪ್ ಕಾರ್ಡಿಗಾಗಿ ತರಗತಿಯ ಹಿಂದಿನ ಬೆಂಚಿನಲ್ಲಿ ಜಗಳವಾಡಿದ ನನ್ನ ಪ್ರಾಯದ ಕನ್ನಡಿಗರಿಗೆ, ಅಂಡರ್‌ಟೇಕರ್ ಏಳು ಸಲ ಸತ್ತು ಬದುಕಿದವನು ಎಂಬುದು ಪುರಾಣದಷ್ಟೇ ಸತ್ಯವಾಗಿತ್ತು. ಆ ಪಾತ್ರ ತೊಟ್ಟ ಮಾರ್ಕ್ ಕ್ಯಾಲವೇ ಅವರು 1990ರ ನವೆಂಬರ್ 22ರಂದು ಬಂದು, ಸರಿಯಾಗಿ ಮೂವತ್ತು ವರ್ಷಕ್ಕೆ ಅದೇ ತಾರೀಖಿನಂದು ಬೀಳ್ಕೊಂಡರು. ಅಷ್ಟು ಕಾಲವೂ ಪಾತ್ರದ ಹೊರಗೆ ಅವರು ಆಡಿದ ಮಾತು ಬೆರಳೆಣಿಕೆಯಷ್ಟು. ಈಗ ಧಾರಾಳವಾಗಿ ಮಾತಾಡುತ್ತಾರೆ. 2014ರ ಏಪ್ರಿಲ್ 6ರಂದು ನ್ಯೂ ಆರ್ಲಿಯನ್ಸ್‌ನಲ್ಲಿ, ರೆಸಲ್‌ಮೇನಿಯಾದಲ್ಲಿ 21 ಪಂದ್ಯ ಸೋಲದೆ ಬಂದಿದ್ದ ಅವರನ್ನು ಬ್ರಾಕ್ ಲೆಸ್ನರ್ ಸೋಲಿಸಿದರು. ಒಂದು ಕ್ಷಣ ಇಡೀ ಕ್ರೀಡಾಂಗಣ ಉಸಿರು ಬಿಗಿಹಿಡಿದು ನಿಂತ ಆ ದೃಶ್ಯವನ್ನು ಎಲ್ಲ ಸಂದರ್ಶಕರೂ ಕೇಳುತ್ತಾರೆ. ಅವರ ಉತ್ತರ ಪ್ರತಿಸಲವೂ ಒಂದೇ: ಅಂದು ಮಧ್ಯಾಹ್ನ ಹೆಂಡತಿಯೊಡನೆ ಇದ್ದದ್ದು ನೆನಪಿದೆ, ತಲೆಗೆ ಬಿದ್ದ ಪೆಟ್ಟಿನಿಂದಾಗಿ, ಆಮೇಲೆ ಆ ರಾತ್ರಿ ನಡೆದ ಪಂದ್ಯದ ಒಂದು ಕ್ಷಣವೂ ನೆನಪಿಲ್ಲ.