ಹೆಸರು ತಿದ್ದುವ ಮೊದಲು ಕೇಳಿ

ಕೇಳುಗರಿಗೆ ನಮಸ್ಕಾರ. ಈಗಷ್ಟೇ ಪ್ರೋಗ್ರಾಮ್ ಬರೆಯಲು ಕಲಿಯುತ್ತಿರುವವರ ಜೊತೆ ಇವತ್ತು ನನ್ನ ಮಾತು. ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡಿ ಎಂಟರ್ ಒತ್ತುತ್ತೇವಲ್ಲ, ಅಂಥ ಟೂಲ್ ನಮ್ಮಿಂದ ಒಂದು ಹೆಸರು ಕೇಳುತ್ತದೆ. ಆ ಹೆಸರಲ್ಲಿ ಸಲ್ಲದ ಅಕ್ಷರ ಬಂದರೆ ಟೂಲ್ ಏನು ಮಾಡಬೇಕು? ನನ್ನ ಉತ್ತರ ಒಂದೇ. ಸುಮ್ನೆ ಬದಲಾಯಿಸಬಾರದು. ನಿಲ್ಲಬೇಕು, ಹೇಳಬೇಕು.

ಇದು ನಾನು ಪೆಟ್ಟು ತಿಂದು ಕಲಿತದ್ದು. ಒಂದು ಕಚೇರಿಗೆ ಚಿಕ್ಕ ಟೂಲ್ ಬರೆದುಕೊಟ್ಟಿದ್ದೆ. ಹೆಸರು ಕೊಟ್ಟರೆ ಆ ಹೆಸರಿನ ಫೈಲ್‌ನಲ್ಲಿ ತಿಂಗಳ ಲೆಕ್ಕ ಉಳಿಸುತ್ತಿತ್ತು. ಇಂಗ್ಲಿಷ್ ಅಕ್ಷರ, ಅಂಕಿ ಬಿಟ್ಟು ಬೇರೆ ಏನೇ ಬಂದರೂ ಆ ಜಾಗದಲ್ಲಿ ಅಂಡರ್‌ಸ್ಕೋರ್ ಹಾಕು ಅಂತ ಒಂದು ಸಾಲು ಸೇರಿಸಿದ್ದೆ. ಭಾರೀ ಜಾಣತನ ಅಂದುಕೊಂಡಿದ್ದೆ! ಲೆಕ್ಕ ಬರೆಯುವವರು ಕನ್ನಡದಲ್ಲಿ ‘ಜೂನ್’ ಅಂತ ಹೆಸರಿಟ್ಟರು. ನಮ್ಮ ಕಣ್ಣಿಗೆ ಎರಡು ಅಕ್ಷರ. ಕಂಪ್ಯೂಟರ್‌ನಲ್ಲಿ ಪ್ರತಿ ಅಕ್ಷರಕ್ಕೂ ಗುರುತಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ನಾಲ್ಕು: ಜ, ಊಕಾರದ ಗುರುತು, ನ, ಅರ್ಧಾಕ್ಷರದ ಗುರುತು. ಫೈಲಿನ ಹೆಸರು ನಾಲ್ಕು ಅಂಡರ್‌ಸ್ಕೋರ್ ಆಯಿತು. ಟೂಲ್ ಮಾತ್ರ ‘ಉಳಿಸಲಾಗಿದೆ’ ಅಂತ ಹೇಳಿ ಸುಮ್ಮನಾಯಿತು. ಮುಂದಿನ ತಿಂಗಳು ‘ಜುಲೈ’. ಎಣಿಸಿ ನೋಡಿ, ಅದೂ ನಾಲ್ಕೇ. ಜುಲೈ ಬಂದು ಜೂನ್ ಮೇಲೆ ಕೂತಿತು, ಜೂನ್ ಲೆಕ್ಕ ಪೂರ್ತಿ ಹೋಯಿತು. ಅವರು ಫೋನ್ ಮಾಡಿ, ‘ಸರ್, ನಾನೇನು ತಪ್ಪು ಒತ್ತಿದೆ?’ ಅಂತ ಕೇಳಿದರು. ಪಾಪ, ಅವರು ಒತ್ತಿದ್ದೆಲ್ಲ ಸರಿಯೇ ಇತ್ತು.

‘ತಡೆದು ನಿಲ್ಲಿಸಿದರೆ ಜನಕ್ಕೆ ಕಿರಿಕಿರಿ ಆಗುತ್ತೆ’ ಅಂತ ಪ್ರತಿ ಸಲ ಒಬ್ಬರಾದರೂ ವಾದಿಸುತ್ತಾರೆ. ಆಗಲಿ ಬಿಡಿ! ಕಳೆದುಹೋದ ಲೆಕ್ಕಕ್ಕಿಂತ ಜಾಸ್ತಿ ಕಿರಿಕಿರಿಯೇ ಅದು? ಹಾಗಂತ ‘ಹೆಸರು ತಪ್ಪು’ ಅಂತಷ್ಟೇ ತೋರಿಸಿ ಕೈತೊಳೆದುಕೊಳ್ಳಬೇಡಿ. ಯಾವ ಅಕ್ಷರ ಸಲ್ಲಲಿಲ್ಲ, ಎಷ್ಟನೆಯದು, ಬದಲಿಗೆ ಯಾವ ಅಕ್ಷರ ಬಳಸಬಹುದು, ಅದನ್ನೆಲ್ಲ ಹೇಳಿ.

ಇನ್ನೊಂದು. ಸಲ್ಲದ ಅಕ್ಷರಗಳ ಪಟ್ಟಿಯನ್ನು ನಿಮ್ಮ ಮನಸ್ಸಿಗೆ ಬಂದಂತೆ ಬೆಳೆಸಬೇಡಿ. ಲಿನಕ್ಸ್‌ನಲ್ಲಿ ಫೈಲ್ ಹೆಸರಿಗೆ ಸಲ್ಲದ್ದು ಎರಡೇ: ಸ್ಲ್ಯಾಶ್ ಮತ್ತು ಸೊನ್ನೆ ಬೈಟ್, ಅಂದರೆ ಬೆಲೆ ಸೊನ್ನೆ ಇರುವ, ಕಣ್ಣಿಗೆ ಕಾಣದ ಸಂಕೇತ. ಕನ್ನಡ ಧಾರಾಳವಾಗಿ ನಡೆಯುತ್ತದೆ. ವಿಂಡೋಸ್‌ನಲ್ಲಿ ಕೋಲನ್, ಪ್ರಶ್ನೆ ಚಿಹ್ನೆ, ನಕ್ಷತ್ರ, ಹೀಗೆ ಇನ್ನಷ್ಟು ಸೇರುತ್ತವೆ. ಅಲ್ಲೂ ಕನ್ನಡಕ್ಕೆ ತಡೆ ಇಲ್ಲ. ತಡೆ ಇದ್ದದ್ದು ನನ್ನ ಒಂದು ಸಾಲಿನಲ್ಲಿ, ಅಲ್ವಾ?

ಹೈಫನ್‌ನಿಂದ ಶುರುವಾಗುವ ಹೆಸರುಗಳ ಕತೆಯೂ ಇತ್ತು. ಅಂಥ ಹೆಸರನ್ನು ಟೂಲ್ ಆಪ್ಷನ್, ಅಂದರೆ ತನಗೆ ಕೊಟ್ಟ ಸೂಚನೆ, ಅಂದುಕೊಂಡುಬಿಡುತ್ತದೆ. ಆದರೆ ಗಾಜಿನ ಆಚೆಯಿಂದ ಆಗಲೇ ಗಡಿಯಾರ ತೋರಿಸುತ್ತಿದ್ದಾರೆ. ಜೂನ್, ಜುಲೈಗಳೇ ನನ್ನ ಸಮಯ ತಿಂದುಬಿಟ್ಟವು. ನಮಸ್ಕಾರ.