ಒಂದು ಮೈಕ್, ಒಂದು ಸೈಕಲ್, ಪೂರ್ತಿ ಆರ್ಕೆಸ್ಟ್ರಾ: ಇದು ಹೇಗೆ ಸಾಧ್ಯ?

ನಮಸ್ಕಾರ. ಇವತ್ತಿನ ವಿಡಿಯೋದಲ್ಲಿ ಹಾಡು ಹಾಕುವುದಿಲ್ಲ. ಹಾಕಿದರೆ ಕಾಪಿರೈಟ್ ತಲೆನೋವು ಶುರುವಾಗುತ್ತದೆ. ನೀವೇ ಹುಡುಕಿಕೊಂಡು ಕೇಳಿ, ಇಯರ್‌ಫೋನ್ ಹಾಕಿಕೊಂಡೇ ಕೇಳಿ. ಆಲ್ಬಮ್ ಹೆಸರು 'ಕಂಪೋಸ್ಡ್'. ಬಂದದ್ದು 2012ರಲ್ಲಿ. ಮಾಡಿದವರು ಅಮೆರಿಕದ ಸಿಯಾಟಲ್‌ನ ಜೆರೆಕ್ ಬಿಷಾಫ್.

ಕೇಳಿದರೆ ಏನನ್ನಿಸುತ್ತದೆ? ದೊಡ್ಡದೊಂದು ಹಾಲ್, ಅದರ ತುಂಬ ವಾದಕರು, ಎದುರಿಗೆ ಕೋಲು ಬೀಸುವ ಕಂಡಕ್ಟರ್. ಪಿಟೀಲುಗಳ ಅಲೆ ಏಳುತ್ತದೆ, ಕೆಳಗಿನಿಂದ ಚೆಲ್ಲೋ ಎತ್ತಿಕೊಡುತ್ತದೆ. ಒಂದು ಹಾಡಿಗೆ 'ಟಾಕಿಂಗ್ ಹೆಡ್ಸ್' ಬ್ಯಾಂಡಿನ ಹಾಡುಗಾರ ಡೇವಿಡ್ ಬರ್ನ್ ದನಿ, ಇನ್ನೊಂದಕ್ಕೆ ಬ್ರೆಜಿಲ್‌ನ ಹೆಸರಾಂತ ಹಾಡುಗಾರ ಕಾಯೆತಾನೊ ವೆಲೋಸೊ ದನಿ. ಭಾರಿ ಖರ್ಚಿನ ಕೆಲಸ ಅಂತ ಯಾರಾದರೂ ಹೇಳಿಬಿಡುತ್ತಾರೆ.

ಆದರೆ ಆ ಹಾಲ್ ಇರಲೇ ಇಲ್ಲ. ಬಿಷಾಫ್ ಒಂದು ಲ್ಯಾಪ್‌ಟಾಪ್, ಒಂದು ಮೈಕ್ ಹಿಡಿದು ಸೈಕಲ್ ಹತ್ತಿದರು. ಒಬ್ಬೊಬ್ಬ ವಾದಕರ ಮನೆಗೆ ಹೋದರು. ಅವರ ಹಾಲ್‌ನಲ್ಲೋ ಕೋಣೆಯಲ್ಲೋ ಮೈಕ್ ಇಟ್ಟು, ಅವರ ಪಾಲಿನದ್ದನ್ನು ಮತ್ತೆ ಮತ್ತೆ ನುಡಿಸಿಸಿ ಪದರದ ಮೇಲೆ ಪದರ ಪೇರಿಸಿದರು. ಮುಂದಿನ ಮನೆ, ಮುಂದಿನ ವಾದ್ಯ. ಈ ಹಾಡುಗಳನ್ನು ಅವರು ಮೊದಲು ಕಟ್ಟಿದ್ದು ಗಿಟಾರ್‌ನ ಪುಟ್ಟ ತಮ್ಮನಂತಿರುವ ಯುಕುಲೇಲಿ ಮೇಲೆ ಅನ್ನುವುದನ್ನೂ ಸೇರಿಸಿಕೊಳ್ಳಿ. ನಾಲ್ಕೇ ತಂತಿ!

[ಸ್ಕ್ರೀನ್ ಮೇಲೆ: ಸೈಕಲ್ ಚಿತ್ರ, ಹಿಂದಿನ ಕ್ಯಾರಿಯರ್‌ನಲ್ಲಿ ಇಡೀ ಆರ್ಕೆಸ್ಟ್ರಾ]

ಈ ವಿಷಯ ಹೇಳಿದಾಗಲೆಲ್ಲ ನನಗೆ ಬರುವ ಪ್ರಶ್ನೆ ಒಂದೇ. "ಅಷ್ಟು ಮನೆ ಯಾಕೆ ಸುತ್ತಬೇಕಿತ್ತು? ಪಿಟೀಲು ನುಡಿಸುವ ಒಬ್ಬರನ್ನು ಹಿಡಿದು ಕೂರಿಸಿ ಇಪ್ಪತ್ತು ಸಲ ನುಡಿಸಿದರೆ ಇಪ್ಪತ್ತು ಪಿಟೀಲು ಆಯ್ತಲ್ವಾ?"

ಆಗುವುದಿಲ್ಲ. ಯಾಕೆ ಆಗುವುದಿಲ್ಲ ಅನ್ನುವುದೇ ಇವತ್ತಿನ ಮಜಾ.

ಬೇಸಿಕ್ಸ್ ಬೇಗ ಮುಗಿಸೋಣ. ಮೊದಲೇ ರೆಕಾರ್ಡ್ ಆದದ್ದರ ಮೇಲೆ ಇನ್ನೊಂದನ್ನು ಸೇರಿಸುವುದಕ್ಕೆ ಓವರ್‌ಡಬ್ ಅನ್ನುತ್ತಾರೆ. 1941ರಲ್ಲೇ ಸಿಡ್ನಿ ಬೆಶೆ ಅನ್ನುವ ಜಾಝ್ ಸಂಗೀತಗಾರ ಆರು ವಾದ್ಯವನ್ನು ತಾವೊಬ್ಬರೇ ನುಡಿಸಿ ಒಂದೇ ರೆಕಾರ್ಡ್ ಮಾಡಿದ್ದರು. 1948ರಲ್ಲಿ ಲೆಸ್ ಪಾಲ್ ಗಿಟಾರ್ ಮೇಲೆ ಗಿಟಾರ್ ಪೇರಿಸಿದರು. ಹಳೇ ವಿದ್ಯೆ. ಮುಂದೆ ಹೋಗೋಣ.

ಈಗ ಕಂಪ್ಯೂಟರ್‌ನಲ್ಲಿ ಒಂದು ಪಿಟೀಲಿನ ರೆಕಾರ್ಡಿಂಗ್ ಇದೆ ಅಂತಿಟ್ಟುಕೊಳ್ಳಿ. ಅದನ್ನೇ ಕಾಪಿ ಮಾಡಿ ಕೆಳಗೆ ಪೇಸ್ಟ್ ಮಾಡಿದಿರಿ. ಎರಡು ಪಿಟೀಲು ಆಯ್ತಾ? ಇಲ್ಲ. ಅದೇ ಪಿಟೀಲು 6 ಡೆಸಿಬಲ್ ಜೋರಾಯಿತು, ಅಷ್ಟೇ. ವಾಲ್ಯೂಮ್ ತಿರುಗಿಸಿದ್ದರೂ ಇದೇ ಸಿಗುತ್ತಿತ್ತು. ಅದೇ ಇಬ್ಬರು ಬೇರೆ ಬೇರೆ ನುಡಿಸಿದರೆ ಏರುವುದು ಸುಮಾರು 3 ಡೆಸಿಬಲ್ ಮಾತ್ರ. ಶಬ್ದ ಕಡಿಮೆ, ಆದರೆ ತುಂಬಿದ ಹಾಗೆ ಕೇಳಿಸುತ್ತದೆ.

ಆ ತುಂಬುವಿಕೆ ಎಲ್ಲಿಂದ ಬಂತು? ಇಬ್ಬರ ನಡುವಿನ ಹೊಂದಿಕೆ ತಪ್ಪುವುದರಿಂದ. ಒಬ್ಬರ ತಂತಿ 440 ಹರ್ಟ್ಸ್‌ನಲ್ಲಿದೆ, ಅಂದರೆ ಸೆಕೆಂಡಿಗೆ 440 ಸಲ ಕಂಪಿಸುತ್ತದೆ, ಪಕ್ಕದವರದ್ದು 442ರಲ್ಲಿದೆ ಅನ್ನಿ. ಈ ವ್ಯತ್ಯಾಸ ಅರ್ಧ ಸ್ವರದ ಹನ್ನೆರಡರಲ್ಲಿ ಒಂದು ಪಾಲಿನಷ್ಟೂ ಇಲ್ಲ. ಅಪಸ್ವರ ಅಂತ ಯಾರೂ ಮುಖ ಸಿಂಡರಿಸುವುದಿಲ್ಲ. ಆದರೆ ಎರಡೂ ಸೇರಿದಾಗ ಶಬ್ದ ಸೆಕೆಂಡಿಗೆ ಎರಡು ಸಲ ಉಬ್ಬುತ್ತದೆ, ಎರಡು ಸಲ ಇಳಿಯುತ್ತದೆ. ಇಂಥ ಇಪ್ಪತ್ತು ಜನ ಸೇರಿದರೆ ಯಾವ ಉಬ್ಬು ಯಾರದ್ದು ಅಂತ ಕಿವಿಗೆ ಲೆಕ್ಕ ಸಿಗುವುದಿಲ್ಲ. ಜೊತೆಗೆ ಒಬ್ಬರ ಕಮಾನು ಒಂದು ಕೂದಲೆಳೆ ಮುಂಚೆ ತಂತಿ ಮುಟ್ಟುತ್ತದೆ, ಇನ್ನೊಬ್ಬರದ್ದು ಸ್ವಲ್ಪ ತಡ. ಒಬ್ಬರ ಬೆರಳು ನಡುಗುವ ವೇಗ ಬೇರೆ, ಇನ್ನೊಬ್ಬರದ್ದು ಬೇರೆ. ನಾವು ರೇಷ್ಮೆ ರೇಷ್ಮೆ ಅಂತ ಹೊಗಳುವ ಸ್ಟ್ರಿಂಗ್ಸ್ ಸದ್ದು ಈ ಚಿಲ್ಲರೆ ಎಡವಟ್ಟುಗಳ ಒಟ್ಟು ಮೊತ್ತ. ಎಲ್ಲರೂ ಗಡಿಯಾರದ ಹಾಗೆ ಕರೆಕ್ಟಾಗಿ ನುಡಿಸಿದರೆ ಆರ್ಕೆಸ್ಟ್ರಾ ಸಾಯುತ್ತದೆ.

ಸರಿ, ಒಬ್ಬರೇ ಇಪ್ಪತ್ತು ಸಲ ನುಡಿಸಿದರೂ ಪ್ರತಿ ಸಲ ಸ್ವಲ್ಪ ಬೇರೆಯಾಗಿಯೇ ಬರುತ್ತದಲ್ಲ? ಬರುತ್ತದೆ. ಅದಕ್ಕೇ ಕಾಪಿ ಪೇಸ್ಟ್‌ಗಿಂತ ಅದು ಎಷ್ಟೋ ವಾಸಿ. ಆದರೂ ಒಂದು ತೊಂದರೆ ಉಳಿಯುತ್ತದೆ.

ಬೆಳಿಗ್ಗೆ ಶಾಲೆಯಲ್ಲಿ ಮಕ್ಕಳೆಲ್ಲ ನಿಂತು ಪ್ರಾರ್ಥನೆ ಹೇಳುವುದನ್ನು ನೆನಪಿಸಿಕೊಳ್ಳಿ. ಗುಂಪಿನಲ್ಲಿ ಒಬ್ಬ ಹುಡುಗನಿಗೆ ನೆಗಡಿ ಇದ್ದರೆ ಅದು ಯಾರಿಗೂ ಗೊತ್ತಾಗುವುದಿಲ್ಲ. ಉಳಿದ ಮೂವತ್ತೊಂಬತ್ತು ಗಂಟಲು ಅದನ್ನು ಮುಚ್ಚಿಹಾಕುತ್ತವೆ. ಈಗ ಆ ನೆಗಡಿ ಹುಡುಗನೊಬ್ಬನನ್ನೇ ಕರೆದು ನಲವತ್ತು ಸಲ ಹೇಳಿಸಿ, ಎಲ್ಲವನ್ನೂ ಸೇರಿಸಿ. ನಿಮಗೆ ಶಾಲೆ ಸಿಗುವುದಿಲ್ಲ. ನಲವತ್ತು ಪಟ್ಟು ನೆಗಡಿ ಸಿಗುತ್ತದೆ.

ಪ್ರತಿ ಪಿಟೀಲಿಗೂ ಇಂಥದ್ದೊಂದು ನೆಗಡಿ ಇರುತ್ತದೆ. ಅದರ ಹೊಟ್ಟೆಯೊಳಗಿನ ಗಾಳಿ ಸುಮಾರು 280 ಹರ್ಟ್ಸ್ ಹತ್ತಿರ ತಾನೂ ದನಿಗೂಡಿಸುತ್ತದೆ. ಮರದ ಹಲಗೆಗಳು ಅದಕ್ಕಿಂತ ಮೇಲೆ ಬೇರೆ ಬೇರೆ ಕಡೆ ಮಿಡಿಯುತ್ತವೆ. ಈ ಜಾಗಗಳು ಪಿಟೀಲಿನಿಂದ ಪಿಟೀಲಿಗೆ ಅಷ್ಟಿಷ್ಟು ಬದಲಾಗುತ್ತವೆ. ಇಪ್ಪತ್ತು ಪಿಟೀಲು ಇದ್ದರೆ ಒಂದರ ಉಬ್ಬನ್ನು ಇನ್ನೊಂದರ ತಗ್ಗು ಸರಿದೂಗಿಸುತ್ತದೆ. ಒಂದೇ ಪಿಟೀಲನ್ನು ಇಪ್ಪತ್ತು ಸಲ ಪೇರಿಸಿದರೆ ಉಬ್ಬಿನ ಮೇಲೇ ಉಬ್ಬು ಕೂರುತ್ತದೆ. ಸದ್ದು ಮೂಗಿನಿಂದ ಬಂದ ಹಾಗಾಗುತ್ತದೆ.

ಕೋಣೆಯದ್ದೂ ಇದೇ ಕಥೆ. ಮೈಕ್ ಬರೀ ಪಿಟೀಲನ್ನು ಕೇಳಿಸಿಕೊಳ್ಳುವುದಿಲ್ಲ. ಗೋಡೆಗೆ ಬಡಿದು ಬಂದದ್ದನ್ನೂ ಹಿಡಿಯುತ್ತದೆ. ಒಂದು ಟ್ರ್ಯಾಕ್‌ನಲ್ಲಿ ಕೇಳಿಸದಷ್ಟು ಕಡಿಮೆ ಇರುವ ಕೋಣೆಯ ಗುಂಯ್ ಅನ್ನುವ ಸದ್ದು ಇಪ್ಪತ್ತು ಸಲ ಸೇರಿದಾಗ ಡಬ್ಬದೊಳಗೆ ಕೂತು ನುಡಿಸಿದ ಹಾಗೆ ಮಾಡಿಬಿಡುತ್ತದೆ. ಹಾಗಾಗಿ ಹೀಗೆ ಕೆಲಸ ಮಾಡುವವರು ಪ್ರತಿ ಟೇಕ್‌ಗೂ ಏನಾದರೊಂದನ್ನು ಬದಲಿಸುತ್ತಾರೆ. ಕುರ್ಚಿ ಒಂದು ಅಡಿ ಆಚೆ. ಮೈಕ್ ಸ್ವಲ್ಪ ಮೇಲೆ. ಅದೇ ಸ್ವರ, ಆದರೆ ಬೇರೆ ತಂತಿಯ ಮೇಲೆ. ಸಿಕ್ಕರೆ ಪಕ್ಕದವರ ಪಿಟೀಲು ಸಾಲ.

ಈಗ ಸೈಕಲ್ ಹತ್ತಿರ ಬನ್ನಿ. ದುಡ್ಡಿಲ್ಲದವರ ಜುಗಾಡ್ ಅಂತ ಕಾಣುತ್ತಿದ್ದ ಆ ಓಡಾಟ ಧ್ವನಿಗೂ ಒಳ್ಳೆಯದನ್ನೇ ಮಾಡಿದೆ ಅನ್ನುವುದು ನನ್ನ ವಾದ. ಮನೆ ಬದಲಾದರೆ ಗೋಡೆ ಬದಲಾಯಿತು, ವಾದ್ಯ ಬದಲಾಯಿತು, ಕೈ ಬದಲಾಯಿತು. ಒಂದೇ ಕೋಣೆಯಲ್ಲಿ ಆರಾಮಾಗಿ ಕೂತು ಮಾಡಿದ್ದರೆ ಇಷ್ಟು ವೈವಿಧ್ಯ ಸುಮ್ನೆ ಸಿಗುತ್ತಿರಲಿಲ್ಲ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಹಾಲ್‌ನಲ್ಲಿ ವಾದಕರು ಒಬ್ಬರ ಉಸಿರು ಒಬ್ಬರು ಕೇಳಿಕೊಂಡು ಒಟ್ಟಿಗೆ ಏರುತ್ತಾರೆ, ಒಟ್ಟಿಗೆ ಇಳಿಯುತ್ತಾರೆ. ಮನೆಯಲ್ಲಿ ಒಬ್ಬರೇ ಕೂತವರಿಗೆ ಇರುವುದು ಹೆಡ್‌ಫೋನ್ ಒಂದೇ. ಎಲ್ಲಿ ಜೋರು, ಎಲ್ಲಿ ಮೆಲ್ಲಗೆ ಅನ್ನುವುದನ್ನು ಮುಂಚೆಯೇ ಕಾಗದದ ಮೇಲೆ ಬರೆದಿಡಬೇಕು. ಇಡೀ ಆರ್ಕೆಸ್ಟ್ರಾ ಕಂಪೋಸರ್‌ನ ತಲೆಯೊಳಗೆ ಮೊದಲೇ ನುಡಿದು ಮುಗಿದಿರಬೇಕು. ಹಾಲ್ ಬಾಡಿಗೆ ಉಳಿಯಿತು, ನಿಜ. ಆದರೆ ಆ ಲೆಕ್ಕವೆಲ್ಲ ಸಮಯದ ಖಾತೆಗೆ ಬಿತ್ತು.

ಅಯ್ಯೋ, ಟೈಮ್ ನೋಡಿದೆ. ಉಳಿದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ.

'ಕಂಪೋಸ್ಡ್' ಹೊರತಂದದ್ದು ಬ್ರಾಸ್‌ಲ್ಯಾಂಡ್ ಅನ್ನುವ ಸಣ್ಣ ಇಂಡೀ ಕಂಪನಿ. ಪೂರ್ತಿ ಸ್ವಂತ ಬಿಡುಗಡೆಯ ದಾರಿ ನೋಡಬೇಕಾದರೆ ಅಮೆರಿಕದ ಹಾಡುಗಾರ ಸುಫ್ಯಾನ್ ಸ್ಟೀವನ್ಸ್ ಇದ್ದಾರೆ. ಮಲತಂದೆ ಜೊತೆ ಸೇರಿ 1999ರಲ್ಲಿ ತಮ್ಮದೇ ರೆಕಾರ್ಡ್ ಕಂಪನಿ ಕಟ್ಟಿ, ಕಾಲೇಜು ದಿನಗಳಲ್ಲಿ ನಾಲ್ಕು ಟ್ರ್ಯಾಕ್‌ನ ರೆಕಾರ್ಡರ್‌ನಲ್ಲಿ ಮಾಡಿದ ಮೊದಲ ಆಲ್ಬಮ್ ಅನ್ನು ಆ ಕಂಪನಿಯಿಂದಲೇ ಬಿಡುಗಡೆ ಮಾಡಿದರು. ಅವರ 2005ರ 'ಇಲಿನಾಯ್' ಕೂಡ ಸಾದಾ ಮೈಕ್‌ಗಳಲ್ಲಿ, 32 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 32 ಸಾವಿರ ಸಲ ಸದ್ದನ್ನು ಅಳೆದು ರೆಕಾರ್ಡ್ ಆದದ್ದು. ಸಿಡಿಯದ್ದೇ 44.1! ಹೊಸ ಮೈಕ್ ತಗೊಳ್ಳದೆ ಹಾಡು ಶುರು ಮಾಡಲ್ಲ ಅನ್ನುವ ಗೆಳೆಯರಿಗೆ ಈ ವಿಡಿಯೋ ಕಳಿಸಿ. ಕೆನಡಾದ ಓವೆನ್ ಪ್ಯಾಲೆಟ್ ಇನ್ನೂ ಒಂದು ಹೆಜ್ಜೆ ಮುಂದೆ. ವೇದಿಕೆ ಮೇಲೇ ಒಂದು ಪಿಟೀಲು, ನುಡಿಸಿದ್ದನ್ನು ಹಿಡಿದು ಮತ್ತೆ ಮತ್ತೆ ಕೇಳಿಸುವ ಒಂದು ಲೂಪ್ ಪೆಡಲ್ ಇಟ್ಟುಕೊಂಡು, ನಮ್ಮೆದುರಿಗೇ ಪದರ ಪೇರಿಸುತ್ತಾರೆ. 2006ರಲ್ಲಿ ಅಲ್ಲಿ ವರ್ಷದ ಅತ್ಯುತ್ತಮ ಆಲ್ಬಮ್‌ಗೆ ಕೊಡುವ ಪೊಲಾರಿಸ್ ಸಂಗೀತ ಪ್ರಶಸ್ತಿ ಮೊಟ್ಟಮೊದಲಿಗೆ ಇವರಿಗೇ ಬಂತು.

ಬಿಷಾಫ್ ಆಮೇಲೆ ಏನು ಮಾಡಿದರು? ಅಷ್ಟು ವರ್ಷ ಕೋಣೆಯ ಸದ್ದಿನ ಜೊತೆ ಗುದ್ದಾಡಿದ ಮನುಷ್ಯ ವಾಷಿಂಗ್ಟನ್ ರಾಜ್ಯದ ಫೋರ್ಟ್ ವರ್ಡನ್‌ನಲ್ಲಿ ಖಾಲಿ ಬಿದ್ದಿದ್ದ ನೆಲದಡಿಯ ನೀರಿನ ಟ್ಯಾಂಕಿಗೆ ಇಳಿದರು. 20 ಲಕ್ಷ ಗ್ಯಾಲನ್ ಹಿಡಿಯುವ ಟ್ಯಾಂಕ್ ಅದು, ಅಂದರೆ ಸುಮಾರು 75 ಲಕ್ಷ ಲೀಟರ್. ಒಂದು ಸ್ವರ ನುಡಿಸಿದರೆ 45 ಸೆಕೆಂಡ್ ಅನುರಣಿಸುತ್ತದೆ. 2016ರ ಅವರ 'ಸಿಸ್ಟರ್ನ್' ಆಲ್ಬಮ್ ಹುಟ್ಟಿದ್ದು ಅಲ್ಲಿಂದ. 45 ಸೆಕೆಂಡ್ ಹೋಗದೆ ಉಳಿಯುವ ಸ್ವರದ ಮೇಲೆ ಮುಂದಿನ ಸ್ವರ ಇಡುವುದು ಹೇಗೆ? ಅದು ಮುಂದಿನ ವಿಡಿಯೋ. ಟ್ಯಾಂಕ್ ಬೇಕಾ, ಲೂಪ್ ಪೆಡಲ್ ಬೇಕಾ, ನೀವೇ ಹೇಳಿ. ಜಾಸ್ತಿ ವೋಟ್ ಬಂದದ್ದನ್ನು ಮೊದಲು ಮಾಡುತ್ತೇನೆ.