ಮಲ್ಪೆಯ ಕಲ್ಲು, ಈಸ್ಟರ್ ಹುಣ್ಣಿಮೆ: ಸಂಡೇ ಸ್ಕೂಲ್ ಮಕ್ಕಳ ಜೊತೆ ಎರಡು ಪ್ರಯೋಗ

[ದೃಶ್ಯ: ಮಲ್ಪೆಯಿಂದ ಹೊರಟ ಬೋಟ್, ದೂರದಲ್ಲಿ ಸೇಂಟ್ ಮೇರೀಸ್ ದ್ವೀಪ]

ನಮಸ್ಕಾರ. ಈ ದ್ವೀಪಕ್ಕೆ ನೀವೂ ಬಂದಿರುತ್ತೀರಿ. ಸುಮಾರು ಜನ ಫೋಟೋ ತೆಗೆದುಕೊಂಡು ಮುಂದಿನ ಬೋಟಿಗೆ ವಾಪಸ್ ಹೋಗುತ್ತಾರೆ. ಮಕ್ಕಳು ಮಾತ್ರ ಕಲ್ಲಿನ ಹತ್ತಿರ ನಿಂತು ಕೇಳುತ್ತಾರೆ: ಇದನ್ನು ಯಾರು ಕೆತ್ತಿದ್ದು?

[ದೃಶ್ಯ: ಕಂಬಗಳ ತುದಿ ಹತ್ತಿರದಿಂದ, ಒಂದು ಬೆರಳು ಅಂಚನ್ನು ಎಣಿಸುತ್ತಿದೆ]

ಎಣಿಸಿ. ಐದು, ಆರು, ಕೆಲವಕ್ಕೆ ಏಳು ಅಂಚು. ಯಾರೂ ಕೆತ್ತಿಲ್ಲ. 8 ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಲಾವಾ ಹರಿಯಿತು. ಭಾರತದಿಂದ ಮಡಗಾಸ್ಕರ್ ಬೇರೆಯಾದ ಕಾಲ ಅದು. ಲಾವಾ ಆರುತ್ತಾ ಕುಗ್ಗಿತು, ಕುಗ್ಗುತ್ತಾ ಬಿರುಕು ಬಿಟ್ಟಿತು.

ಬಾಯಲ್ಲಿ ಹೇಳಿದರೆ ಮಕ್ಕಳು ತಲೆ ಆಡಿಸುತ್ತಾರೆ, ಅಷ್ಟೇ. ಹಾಗಾಗಿ ಕೈಯಲ್ಲೇ ಮಾಡೋಣ.

[ದೃಶ್ಯ: ಅಡುಗೆಮನೆ, ಗಾಜಿನ ಲೋಟ]

ಕಾರ್ನ್‌ಫ್ಲೋರ್ ಎಷ್ಟು ತೂಕವೋ ನೀರೂ ಅಷ್ಟೇ. ಕಲಸಿ, ಲೋಟಕ್ಕೆ ಹಾಕಿ, ಹಳೇ ಕಾಲದ ಬಿಸಿಯಾಗುವ ಬಲ್ಬಿನ ಕೆಳಗೆ ಇಡಿ. ಎಲ್‌ಇಡಿ ಆಗುವುದಿಲ್ಲ. ಮಳೆಗಾಲದಲ್ಲಿ ಮಾಡಬೇಡಿ. ನಾನು ಮೊದಲ ಸಲ ಜೂನ್‌ನಲ್ಲಿ ಇಟ್ಟೆ, ಒಣಗುವ ಮೊದಲೇ ಬೂಸಲು ಹಿಡಿಯಿತು. ಬೇಸಿಗೆಯಲ್ಲೂ ನಮ್ಮ ಕರಾವಳಿಯ ಸೆಖೆಗೆ ಒಂದು ವಾರ ಬೇಕಾಗಬಹುದು.

ಪೂರ್ತಿ ಒಣಗಿದ ಮೇಲೆ ಮೆಲ್ಲಗೆ ಹೊರಗೆ ತೆಗೆದು ಮುರಿಯಿರಿ.

[ದೃಶ್ಯ: ಮುರಿದ ಹಿಟ್ಟಿನ ಗಡ್ಡೆ, ಸಣ್ಣ ಸಣ್ಣ ಕಂಬಗಳು]

ನೋಡಿದ್ರಾ? ಮೇಲೆ ಒಂದೆರಡು ದೊಡ್ಡ ಬಿರುಕು. ಒಳಗೆ ಪೆನ್ಸಿಲ್‌ಗಿಂತ ತೆಳು ಕಂಬಗಳು, ಒತ್ತೊತ್ತಾಗಿ. ಅಲ್ಲಿ ಬಿಸಿ ಆರಿ ಕುಗ್ಗಿತು, ಇಲ್ಲಿ ನೀರು ಆರಿ ಕುಗ್ಗಿತು. ಎರಡರಲ್ಲೂ ಬಿರುಕು ಮೇಲ್ಮೈಯಿಂದ ಒಳಕ್ಕೆ ಇಳಿಯುತ್ತಾ ಹೋಗುತ್ತದೆ.

ಎಂಟು ಕೋಟಿ ವರ್ಷ ಅಂದ ಕೂಡಲೇ ಒಂದು ಮಗು ಆದಿಕಾಂಡದ ಆರು ದಿನದ ಬಗ್ಗೆ ಕೇಳುತ್ತದೆ: ದೇವರು ಆರು ದಿನದಲ್ಲಿ ಲೋಕ ಸೃಷ್ಟಿಸಿದರು ಎಂದು ಬೈಬಲ್‌ನಲ್ಲಿದೆಯಲ್ಲಾ? ಕೇಳಲಿ, ಗದರಿಸಬೇಡಿ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಲೆಕ್ಕ ಹಾಕಿ ಬರೆದ ಜಾರ್ಜ್ ಲೆಮೇತ್ರ್ ಬೆಲ್ಜಿಯಂನ ಒಬ್ಬ ಕ್ಯಾಥೋಲಿಕ್ ಪಾದ್ರಿ. ನಂಬಿಕೆ, ವಿಜ್ಞಾನ ಎರಡೂ ಒಬ್ಬರಲ್ಲೇ ಇರಬಹುದು ಎನ್ನಲು ಅವರ ಕಥೆ ಹೇಳಿ.

[ದೃಶ್ಯ: ಕತ್ತಲೆ ಕೋಣೆ, ಒಂದೇ ಬಲ್ಬ್, ಕಡ್ಡಿಗೆ ಚುಚ್ಚಿದ ಮೂಸಂಬಿ]

ಇನ್ನೊಂದು ಪ್ರಶ್ನೆ ಶುಭ ಶುಕ್ರವಾರದ್ದು. ಯೇಸು ಶಿಲುಬೆಯಲ್ಲಿದ್ದಾಗ ಮೂರು ಗಂಟೆ ಕತ್ತಲಾಯಿತಲ್ವಾ, ಅದು ಸೂರ್ಯಗ್ರಹಣವಾ?

ಉತ್ತರ ಮಗುವೇ ಕಂಡುಕೊಳ್ಳಲಿ. ಬಲ್ಬ್ ಸೂರ್ಯ, ಮಗುವಿನ ತಲೆ ಭೂಮಿ, ಮೂಸಂಬಿ ಚಂದ್ರ. ಕೈ ಚಾಚಿ ಹಿಡಿದು ನಿಧಾನಕ್ಕೆ ಸುತ್ತು ತಿರುಗಲಿ. ಬಲ್ಬ್ ಬೆನ್ನ ಹಿಂದೆ ಬಂದಾಗ ಮೂಸಂಬಿಯನ್ನು ಸ್ವಲ್ಪ ಮೇಲೆ ಎತ್ತಬೇಕು. ಆಗ ಅದು ಪೂರ್ತಿ ಬೆಳಗುತ್ತದೆ: ಹುಣ್ಣಿಮೆ. ಬಲ್ಬ್ ಮರೆಯಾಗುವುದು ಮೂಸಂಬಿ ಎದುರಿಗೆ ಬಂದಾಗ ಮಾತ್ರ: ಅಮಾವಾಸ್ಯೆ.

2019ರ ಡಿಸೆಂಬರ್ 26ರ ಬೆಳಿಗ್ಗೆ ಮಂಗಳೂರಿನಲ್ಲಿ ಸೂರ್ಯ ಬಳೆಯಂತೆ ಕಂಡಿದ್ದು ನೆನಪಿದೆಯಾ? ಅವತ್ತು ಅಮಾವಾಸ್ಯೆ.

ಯೆಹೂದ್ಯರ ಪಾಸ್ಕ ಹಬ್ಬ ಬರುವುದು ಹುಣ್ಣಿಮೆಯ ಹೊತ್ತಿಗೆ. ಯೇಸುವಿನ ಮರಣವೂ ಆ ಹಬ್ಬದ ಸಮಯದಲ್ಲೇ. ಹಾಗಾದರೆ ಆ ಕತ್ತಲೆ ಸೂರ್ಯಗ್ರಹಣ ಆಗಿರಲು ಸಾಧ್ಯವೇ ಇಲ್ಲ. ನಾನು ಹೇಳುವ ಮೊದಲೇ ಮೂಸಂಬಿ ಹಿಡಿದ ಹುಡುಗಿಯೇ ಹೇಳಿಬಿಟ್ಟಳು: "ಚಂದ್ರ ಆ ಕಡೆ ಇದೆ, ಅಡ್ಡ ಬರೋದು ಹೇಗೆ?" ಆ ಹೊತ್ತಿಗಾಗಿಯೇ ನಾನು ಪ್ರತಿ ಭಾನುವಾರ ಈ ಸಾಮಾನು ಹೊತ್ತುಕೊಂಡು ಹೋಗುತ್ತೇನೆ.

[ದೃಶ್ಯ: ಗೋಡೆ ಕ್ಯಾಲೆಂಡರ್]

ಈಸ್ಟರ್ ಪ್ರತಿ ವರ್ಷ ಬೇರೆ ತಾರೀಕಿಗೆ ಬರುವುದೂ ಇದೇ ಚಂದ್ರನಿಂದ. ಮಾರ್ಚ್ 21 ಅಥವಾ ಆಮೇಲೆ ಬರುವ ಮೊದಲ ಹುಣ್ಣಿಮೆ, ಅದು ಕಳೆದ ಮೇಲಿನ ಭಾನುವಾರ. 2026ರಲ್ಲಿ ಹುಣ್ಣಿಮೆ ಏಪ್ರಿಲ್ 2, ಈಸ್ಟರ್ ಏಪ್ರಿಲ್ 5. 2027ರ ಲೆಕ್ಕ ಮಕ್ಕಳೇ ಮಾಡಲಿ, ಪಂಚಾಂಗ ಕೈಗೆ ಕೊಡಿ.

ಈಸ್ಟರ್‌ನ ಹಿಂದಿನ ದಿನ, ಪವಿತ್ರ ಶನಿವಾರ ರಾತ್ರಿ ಪೂಜೆ ಮುಗಿಸಿ ಇಗರ್ಜಿಯಿಂದ ಹೊರಗೆ ಬಂದಾಗ ಚಂದ್ರ ಎಷ್ಟು ಸವೆದಿದೆ ಎಂದು ನೋಡಿ, ಚಿತ್ರ ಬರೆದಿಡಲಿ. ಕೆಲವು ವರ್ಷ ತಡವಾಗಿ ಮೂಡುತ್ತದೆ. ಅಂಗಳದಲ್ಲಿ ಸ್ವಲ್ಪ ಹೊತ್ತು ಕಾಯಬೇಕು.